ಇಪ್ಪತ್ತೊಂಬತ್ತರ ಸಂಜೆ

ತಲಿಹೆರು ದ್ವೀಪ
ಡಿಸೆಂಬರ್ 3

ಅಬಾ ಅವರಿಗೆ ಮಗಳು ಮಫ್ತೂಹಾಳ ಸಲಾಮುಗಳು.

ಇಲ್ಲಿಗೆ ಹಡಗು ಹದಿನೈದು ದಿನಕ್ಕೊಮ್ಮೆ ಬರುತ್ತದೆ, ಅದೂ ಅದಕ್ಕೆ ಮನಸ್ಸು ಬಂದರೆ. ಆದ್ದರಿಂದ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ.

ನಮ್ಮ ಧರ್ಮ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಕುರ್ಚಿಗಳು ಮೂರು. ಒಂದು ಎರಡು ವರ್ಷದಿಂದ ಖಾಲಿ. ಮುಖ್ಯ ನ್ಯಾಯಾಧೀಶರು ಮೂತ್ರಪಿಂಡದ ಕಲ್ಲು ತೆಗೆಸಿಕೊಳ್ಳಲು ಸುರಬಾಯಕ್ಕೆ ಹೋದವರು ಈದ್ ಕಳೆಯದೆ ಹಿಂತಿರುಗುವುದಿಲ್ಲ. ಮೂರನೆಯ ಕುರ್ಚಿಯಲ್ಲಿ ನಾನಿದ್ದೇನೆ. ಹೀಗಾಗಿ ಈ ಸಲ ರಂಜಾನ್ ಇಪ್ಪತ್ತೊಂಬತ್ತರ ಸಂಜೆ ದೀಪಸ್ತಂಭದ ದಿಬ್ಬ ಹತ್ತಿ, ಹೊಸ ಚಂದ್ರನನ್ನು ಕಂಡೆ ಎನ್ನುವವನನ್ನು ವಿಚಾರಿಸಿ, ಅವನಿಂದ ಆಣೆ ಮಾಡಿಸಿ, ಅದನ್ನು ಬರೆದುಕೊಂಡು ಜಕಾರ್ತಕ್ಕೆ ತಿಳಿಸುವ ಕೆಲಸ ನನ್ನದಾಗಿದೆ. ಚಂದ್ರ ಕಂಡರೆ ಮರುದಿನ ಈದ್, ಕಾಣದಿದ್ದರೆ ಮೂವತ್ತನೆಯ ಉಪವಾಸ, ನಿಮಗೆ ಇದನ್ನು ವಿವರಿಸಬೇಕಿಲ್ಲ. ಮೂವತ್ತೆಂಟು ವರ್ಷ ಕೆಂದಿಲ್ ಗುಡ್ಡ ಹತ್ತಿ ಒಂಬತ್ತು ಜನ ನ್ಯಾಯಾಧೀಶರ ಮುಂದೆ ಆಣೆಯಿಟ್ಟವರು ನೀವು. ಒಂಬತ್ತು ಜನವೂ ಗಡ್ಡದವರು.

ತೊಡಕು ಇರುವುದು ಅಲ್ಲೇ. ಇಲ್ಲಿನ ದೊಡ್ಡ ಮಸೀದಿಯ ಇಮಾಮ್ ಹಾಜಿ ತುವನಾಯಾ ಮೊನ್ನೆ ಕಚೇರಿಗೆ ಬಂದಿದ್ದರು. ಕಾಲು ಎರಡು ಸಲ ಒರೆಸಿಕೊಂಡರು, ಕೂರಲಿಲ್ಲ.

“ಜಡ್ಜಮ್ಮ, ಗಂಡ ಹೆಂಡಿರನ್ನ ಬಿಡಿಸಿ, ಕೂಡಿಸಿ, ಏನಾದ್ರೂ ಮಾಡ್ಕೊಳ್ಳಿ. ಅದು ಸರ್ಕಾರ ಕೊಟ್ಟಿರೋ ಕೆಲ್ಸ. ಚಂದ್ರನ ವಿಷ್ಯ ಬೇರೆ.”

“ಯಾಕೆ ಹಾಜಿಯವರೇ, ಚಂದ್ರನೂ ಸರ್ಕಾರದ ಆಕಾಶದಲ್ಲೇ ಇರೋದು.”

“ತಮಾಷೆ ಬೇಡ. ಹೆಂಗಸು ಮಾಡಿಸಿದ ಆಣೆ ಮೇಲೆ ನನ್ನ ಜನ ಉಪವಾಸ ಬಿಡಲ್ಲ. ನೀವು ಕಂಡಿತು ಅಂದ್ರೂ ನಾವು ಮೂವತ್ತು ಪೂರ್ತಿ ಮಾಡ್ತೀವಿ.”

ನಾನೂರು ಮನೆಯ ದ್ವೀಪ, ಅಬಾ. ಒಂದು ಮನೆಯಲ್ಲಿ ಈದ್ ಊಟ, ಗೋಡೆಯಾಚೆ ಉಪವಾಸ. ಈದ್ ದಿನ ಉಪವಾಸ ಮಾಡಿದರೂ ತಪ್ಪು, ರಂಜಾನಿನಲ್ಲಿ ಉಂಡರೂ ತಪ್ಪು. ಯಾರು ಸರಿಯಾದರೂ ಉಳಿದವರ ತಪ್ಪು ನನ್ನ ಹೆಸರಿಗೆ ಬರೆದಿರುತ್ತದೆ.

ಆದರೆ ಈ ಹಾಜಿಯವರ ಮಸೀದಿಯ ಗೋಡೆಯ ಮೇಲೆ ನಿಮ್ಮ ಪಂಚಾಂಗ ನೇತಾಡುತ್ತಿದೆ. ನಿಮ್ಮ ಹೆಸರು ಬಂದಾಗ ಅವರ ದನಿ ಇಳಿಯುತ್ತದೆ. ಮದರಸದ ಗುರು ಕ್ಯಾಯಿ ಬಸ್ತೋಮಿಯವರ, ಎಂದರೆ ನಿಮ್ಮ, ಕೈಯಿಂದ ಒಂದು ಪುಟ ಸಾಕು: ನ್ಯಾಯಾಧೀಶೆ ಹೆಂಗಸಾದರೂ ಅವಳ ಮುಂದೆ ಇಟ್ಟ ಆಣೆ ಆಣೆಯೇ, ಎಂದು. ರಂಜಾನ್ ಮುಗಿಯುವುದರೊಳಗೆ ತಲುಪಬೇಕು.

ಇನ್ನೊಂದು ಮಾತು. ಈಚಿನ ಕೆಲವು ವರ್ಷಗಳ ಪತ್ರಗಳೆಲ್ಲ ಅಮ್ಮನ ಅಕ್ಷರದಲ್ಲಿವೆ. ಮಗಳಿಗೆ ನಾಲ್ಕು ಸಾಲು ಬರೆಯಲು ನಿಮಗೆ ಪುರುಸೊತ್ತಿಲ್ಲವೋ, ಮನಸ್ಸಿಲ್ಲವೋ ತಿಳಿಯದು. ಈ ಒಂದು ಪುಟವನ್ನಾದರೂ ನಿಮ್ಮ ಕೈಯಲ್ಲೇ ಬರೆಯಿರಿ.

ಮಫ್ತೂಹಾ


ಸುಂಬರ್‌ವಾಟು
ಶಾಬಾನ್ 5

ಗೆಂಡುಕ್, ನನ್ನ ಕೂಸೇ,

ಸಲಾಮು ಮೊದಲು, ಸುದ್ದಿ ಆಮೇಲೆ,
ಮೇಕೆ ಹತ್ತಿದೆ ಮದರಸದ ಮಾಡಿನ ಮೇಲೆ.

ಅದನ್ನು ಇಳಿಸಲು ಹತ್ತಿದ ಅಡುಗೆಯವನೂ ಸದ್ಯ ಅಲ್ಲೇ ಇದ್ದಾನೆ. ಮೇಕೆ ಇಳಿದಿದೆ.

ಮುಂದಿನ ವರ್ಷದ ಪಂಚಾಂಗ ಅಚ್ಚಿಗೆ ಹೋಗಿದೆ. ಮುದ್ರಣಾಲಯದವರು ಧಾರಾಳಿಗಳು, ಒಂದು ವಾರಕ್ಕೆ ಎರಡು ಶುಕ್ರವಾರ ಕೊಟ್ಟಿದ್ದರು. ನಿನ್ನ ಅಮ್ಮ ಹಿಡಿದಳು. ಇಲ್ಲದಿದ್ದರೆ ಈ ಸೀಮೆಯ ಜನ ವಾರಕ್ಕೆರಡು ಪ್ರವಚನ ಕೇಳಬೇಕಾಗುತ್ತಿತ್ತು, ನನಗೆ ಶಾಪ ಹಾಕುತ್ತಿದ್ದರು.

ನೀನು ಕಳಿಸಿದ ಹೊಗೆಮೀನು ತಲುಪಿತು. ವಿದ್ಯಾರ್ಥಿಗಳಿಗೆ ವಾಸನೆ ಹಂಚಿ, ಮೀನನ್ನು ನಾವಿಬ್ಬರೇ ತಿಂದೆವು.

ನೀನು ಕೇಳಿದ ಕಾಗದದ ವಿಷಯ. ಗ್ರಂಥಗಳನ್ನು ನೋಡಬೇಕು. ಇಂಥದ್ದನ್ನು ಅವಸರದಲ್ಲಿ ಬರೆಯಬಾರದು. ನೋಡಿ ತಿಳಿಸುತ್ತೇನೆ.

ಅಕ್ಷರದ ವಿಷಯ. ನಿನ್ನ ಅಮ್ಮನ ಅಕ್ಷರ ನನ್ನದಕ್ಕಿಂತ ದುಂಡಗಿದೆ. ಅಷ್ಟೇ.

ನಿನ್ನ ಅಬಾ

ಇದು ಅಮ್ಮನ ಮಾತು, ಮಫ್ತೂ. ಕಾಗದದ ವಿಷ್ಯ ಹೇಳುವಾಗ ಎರಡು ಸಲ ಎದ್ದು ಹೋಗಿ ಮುಖ ತೊಳ್ಕೊಂಡು ಬಂದ್ರು. ಸಿಟ್ಟಾಗ್ಬೇಡ. ‘ಇನ್ನೂ ಏನು ಗೀಚ್ತಿದೀಯ’ ಅಂತ ಕೇಳ್ತಿದಾರೆ. ಮೀನು ಚೆನ್ನಾಗಿತ್ತು ಅಂತ ಬರೀತಿದೀನಿ ಅಂದೆ.


ತಲಿಹೆರು
ಜನವರಿ 2

ಅಬಾ ಅವರಿಗೆ ಸಲಾಮು.

ಗ್ರಂಥ ನೋಡಬೇಕು ಎಂದು ಬರೆಸಿದ್ದೀರಿ. ಆ ಗ್ರಂಥ ನಿಮಗೆ ಬಾಯಿಪಾಠ.

ನನಗೆ ಹದಿನಾರಾಗಿದ್ದಾಗ ಹಜಾರದಲ್ಲಿ ಕೂತು ನ್ಯಾಯಾಧಿಕಾರದ ಅಧ್ಯಾಯ ಪಾಠ ಹೇಳುತ್ತಿದ್ದಿರಿ. ಹುಡುಗರೆಲ್ಲ ಮುಂದೆ, ನಾನು ಪರದೆಯ ಪಕ್ಕ. ನ್ಯಾಯಾಧೀಶನಿಗೆ ಇರಬೇಕಾದ ಲಕ್ಷಣಗಳ ಪುಟ ಬಂದಾಗ ನೀವು ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದಿರಿ. ಯಾರಿಗೂ ಗೊತ್ತಾಗಲಿಲ್ಲ. ನಾನು ಆ ಪುಟವನ್ನು ಹಿಂದಿನ ದಿನವೇ ಓದಿದ್ದೆ. ಮೊದಲ ಲಕ್ಷಣ, ಗಂಡಸಾಗಿರಬೇಕು. ನೀವು ಹಾರಿಸಿದ್ದು ನನಗಾಗಿ ಎಂದುಕೊಂಡೇ ನಾನು ಈ ಕೆಲಸಕ್ಕೆ ಬಂದವಳು. ಆ ಪಾಠಕ್ಕೆ ಹದಿನೆಂಟು ವರ್ಷವಾಯಿತು.

ಪರೀಕ್ಷೆ ಪಾಸಾದಾಗ ಮೇಕೆ ಕಡಿದಿರಿ. ಆದರೆ ಊಟಕ್ಕೆ ಬಂದವರಿಗೆ, “ಮಗಳಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಆಯ್ತು” ಎಂದಿರಿ. ಯಾವ ಕಚೇರಿ ಎಂದು ಹೇಳಲಿಲ್ಲ. ಅದನ್ನೂ ನಾನು ಪರದೆಯ ಪಕ್ಕದಿಂದಲೇ ಕೇಳಿಸಿಕೊಂಡೆ.

ಇಲ್ಲಿ ನನ್ನನ್ನು ಯಾರೂ ಮರೆಮಾಚುವುದಿಲ್ಲ. ಹೋದ ವಾರ ಒಬ್ಬ ಗಂಡ ಕಟಕಟೆಯಲ್ಲಿ ನಿಂತು, “ಮನೇಲಿ ಒಬ್ಳು ಬೈತಾಳೆ, ಇಲ್ಲಿ ಇನ್ನೊಬ್ಳು ಬೈತೀರ. ನಾನು ಎಲ್ಲಿಗೆ ಹೋಗ್ಲಿ?” ಎಂದ.

“ಮೀನು ಹಿಡಿಯೋಕ್ಕೆ,” ಎಂದೆ. “ಮೂರು ವರ್ಷದಿಂದ ಅವಳೂ ಅದನ್ನೇ ಹೇಳ್ತಿರೋದು.”

ಶಿರಸ್ತೇದಾರ್ ಇದ್ರಿಸ್ ಅದನ್ನೂ ದಾಖಲೆಗೆ ಸೇರಿಸಿಬಿಟ್ಟರು. ಗಂಡ ಮೀನು ಹಿಡಿಯಲು ಹೋಗಿದ್ದಾನೆ. ಹೆಂಡತಿ ಅರ್ಜಿ ವಾಪಸು ತೆಗೆದುಕೊಂಡಿದ್ದಾಳೆ.

ಹಾಜಿ ತುವನಾಯಾ ಸಾಕ್ಷಿಯನ್ನೂ ಗೊತ್ತುಮಾಡಿದ್ದಾರೆ. ಲಾ ಜೂನು ಎಂಬ ಮುದುಕ, ಹಿಂದೆ ದೋಣಿಯ ಚುಕ್ಕಾಣಿ ಹಿಡಿದವನು. ಇಪ್ಪತ್ತು ವರ್ಷದಿಂದ ಈ ದ್ವೀಪಕ್ಕೆ ಚಂದ್ರ ಕಾಣಿಸುತ್ತಿರುವವನು ಅವನೇ. ಅವನು ಆಣೆಯಿಡುವಾಗ ಎದುರಿಗೆ ಯಾರು ನಿಂತಿರಬೇಕು ಎಂಬುದೊಂದೇ ಅವರ ಚಿಂತೆ.

ಆ ದಿನ ಹಾರಿಸಿದ ಪುಟವನ್ನು ಈಗ ಓದಿ ಹೇಳಿ, ಅಬಾ. ಬೇಡ ಎಂದಾದರೆ ಬೇಡ ಎಂದೇ ಬರೆಯಿರಿ.

ಮಫ್ತೂಹಾ


ಸುಂಬರ್‌ವಾಟು
ರಂಜಾನ್ 4

ಮಗಳೇ,

ಹೆಂಗಸು ನ್ಯಾಯಾಧೀಶೆಯಾಗುವ ವಿಷಯದಲ್ಲಿ ನಾಲ್ಕು ಶಾಸ್ತ್ರಪಂಥಗಳ ಇಮಾಮರ ಮಾತು ನಿನಗೆ ಗೊತ್ತು. ಒಬ್ಬರು ಅರ್ಧ ಒಪ್ಪಿದ್ದಾರೆ, ಮೂವರು ಒಪ್ಪಿಲ್ಲ. ಅವರಾಚೆಯ ಪಂಡಿತರೊಬ್ಬರು ಪೂರ್ತಿ ಒಪ್ಪಿದ್ದಾರೆ. ನಾನು ಯಾರನ್ನು ಒಪ್ಪುತ್ತೇನೆ ಎಂದು ನಿನಗೆ ಗೊತ್ತಿಲ್ಲದಿದ್ದರೆ ನನ್ನ ಪಾಠ ದಂಡ.

ಆದರೂ ಆ ಕಾಗದ ನಾನು ಬರೆಯಲಾರೆ. ಕಾರಣ ಕೇಳಬೇಡ.

ಚಂದ್ರ ಕಂಡೆ ಎಂದವನನ್ನು ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಮರೆಯಬೇಡ.

ಎಡವೋ ಬಲವೋ, ಎತ್ತರ ಎಷ್ಟೋ,
ಕೊಂಬು ಯಾವ ಕಡೆ, ಕಂಡ ಹೊತ್ತೆಷ್ಟೋ.

ಅಬಾ

ಅಮ್ಮನ ಮಾತು. ಹೇಳಿದಷ್ಟು ಬರ್ದಿದೀನಿ. ಬರೀಬೇಕಾದ್ದನ್ನ ಹೇಳ್ತಿಲ್ಲ, ನಾನಾಗಿ ಬರ್ಯೋಕೆ ಬಿಡ್ತಿಲ್ಲ. ನನ್ನ ಮೊಣಕಾಲು ಈ ವರ್ಷ ಗುಡ್ಡ ಹತ್ತೋಕೆ ತಕರಾರು ಮಾಡ್ತಿದೆ.


ಸುಂಬರ್‌ವಾಟು
ರಂಜಾನ್ 20

ಕೂಸೇ,

ಇವತ್ತು ಪ್ರಾಸ ಹುಡುಕಲಿಲ್ಲ.

ನಾಲ್ಕು ವರ್ಷದಿಂದ ನನಗೆ ಕಣ್ಣು ಕಾಣುವುದಿಲ್ಲ. ಪೂರ್ತಿ ಕತ್ತಲೆಯಲ್ಲ. ಗಂಜಿಯೊಳಗಿಂದ ನೋಡಿದ ಹಾಗೆ. ಬಾಗಿಲು ಎಲ್ಲಿದೆ, ಎದುರಿಗೆ ಮನುಷ್ಯ ಇದ್ದಾನೆಯೇ, ಅಷ್ಟು ತಿಳಿಯುತ್ತದೆ. ಡಾಕ್ಟರು ಪೊರೆ ಎಂದರು, ತೆಗೆಯಬಹುದು ಎಂದರು. ತೆಗೆಸಿಕೊಂಡರೆ ಇಷ್ಟು ದಿನ ಕಾಣುತ್ತಿರಲಿಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಮುಂದೂಡಿದೆ.

ಈ ಕಾಗದ, ಇದನ್ನು ಬರೆದುಕೊಳ್ಳುತ್ತಿರುವವಳ ಬಗ್ಗೆ. ಅವಳು ಕೈ ನಿಲ್ಲಿಸಿದ್ದಾಳೆ. ಬರಿ ಎಂದೆ.

ಮೂರು ವರ್ಷದ ಹಿಂದೆ ಗುಡ್ಡದ ಮೇಲೆ ಎಲ್ಲರೂ ಆಕಾಶ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಲೆಕ್ಕದ ಪ್ರಕಾರ ಚಂದ್ರ ಎಲ್ಲಿರಬೇಕೋ ಅತ್ತ ಮುಖ ಮಾಡಿ ನಿಂತಿದ್ದೆ. ನಿನ್ನ ಅಮ್ಮ ಉಪವಾಸ ಬಿಡುವ ಬುತ್ತಿ ಹಿಡಿದು ಪಕ್ಕದಲ್ಲಿದ್ದಳು. “ಅಗೋ ಬಂತು, ತೆಂಗಿನ ಗರಿ ತುದಿಗೆ,” ಎಂದು ಮೆಲ್ಲಗೆ ಹೇಳಿದಳು. ನಾನು “ಕಂಡೆ” ಎಂದೆ. ನ್ಯಾಯಾಧೀಶರು ಕೇಳಿದ್ದಕ್ಕೆಲ್ಲ ಅವಳು ಹೇಳಿದ್ದನ್ನೇ ಹೇಳಿದೆ. ನನ್ನ ಸ್ವಂತ ಕಣ್ಣಿನಿಂದ ಕಂಡೆ ಎಂದು ಅಲ್ಲಾಹನ ಹೆಸರಲ್ಲಿ ಆಣೆಯಿಟ್ಟೆ. ಮರುವರ್ಷವೂ. ಅದರ ಮರುವರ್ಷವೂ. ಅವಳು ಒಮ್ಮೆಯೂ ತಪ್ಪು ಹೇಳಿಲ್ಲ. ಚಂದ್ರ ಪ್ರತಿ ಸಲವೂ ಅಲ್ಲಿತ್ತು. ಸುಳ್ಳಾಗಿದ್ದು ನಾನೊಬ್ಬ.

ಎರಡನೆಯ ವರ್ಷ ಇಳಿಯುವಾಗ ಅವಳು ಕೇಳಿದ್ದಳು, “ನಾನೇ ಹೇಳ್ಬಿಡ್ಲಾ ಅವರ ಮುಂದೆ?” ಎಂದು. “ಗಂಡಸು ಸಾಕ್ಷಿ ಬೇಕು ಅಂತ ಗ್ರಂಥದಲ್ಲಿದೆ” ಎಂದೆ. ನಿನಗಾಗಿ ಎರಡು ಹಾಳೆ ಹಾರಿಸಿದ್ದು ನಿಜ. ಅವಳಿಗಾಗಿ ಒಂದನ್ನೂ ಹಾರಿಸಲಿಲ್ಲ.

ನೀನು ನನ್ನನ್ನು ಕೇಳಿದ್ದು, ಯಾರ ಮುಂದೆ ಇಟ್ಟ ಆಣೆ ನಡೆಯುತ್ತದೆ ಎಂದು ಒಬ್ಬ ಇಮಾಮರಿಗೆ ತಿಳಿಸು ಎಂದು. ಗಡ್ಡದವರ ಮುಂದೆ ಇಟ್ಟ ನನ್ನ ಸುಳ್ಳು ಆಣೆಯೇ ನಡೆದುಹೋಯಿತು. ಯಾವ ಮುಖ ಇಟ್ಟುಕೊಂಡು ಬರೆಯಲಿ?

ಈ ವರ್ಷ ಮೊಣಕಾಲು ನೋವು, ಗುಡ್ಡಕ್ಕೆ ಬರಲಾಗದು ಎಂದು ಕೋರ್ಟಿಗೆ ಹೇಳಿಕಳಿಸಿದೆ. ಅದೂ ಸುಳ್ಳು. ಮೊಣಕಾಲು ನಿನ್ನ ಅಮ್ಮನದು.

ನೀನು ನ್ಯಾಯಾಧೀಶೆ. ನಾನೇನು ಮಾಡಬೇಕು, ಹೇಳು.

ಬಸ್ತೋಮಿ


ತಲಿಹೆರು
ಫೆಬ್ರವರಿ 10

ಅಬಾ ಅವರಿಗೆ ಈದ್ ಶುಭಾಶಯಗಳು.

ನಿಮ್ಮ ಕಾಗದ ಬೇಕಾಗಲಿಲ್ಲ.

ಇಪ್ಪತ್ತೊಂಬತ್ತರ ಸಂಜೆ ದೀಪಸ್ತಂಭದ ದಿಬ್ಬದಲ್ಲಿ ಅರ್ಧ ದ್ವೀಪವೇ ನೆರೆದಿತ್ತು. ಚಂದ್ರನನ್ನು ನೋಡಲು ಕೆಲವರು, ನನ್ನನ್ನು ನೋಡಲು ಉಳಿದವರು. ಹಾಜಿ ತುವನಾಯಾ ಮುಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದರು. ಲಾ ಜೂನುವನ್ನು ಅವನ ಸೊಸೆ ವಾ ಜೈನಿ ಕೈಹಿಡಿದು ಕರೆತಂದಳು. ಸಮುದ್ರದ ತಳದಿಂದ ಚಿಪ್ಪು ಆರಿಸಿ ತರುವ ಹೆಂಗಸು ಅವಳು. ವಿಧವೆ.

ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಮುದುಕ ಕೈ ಎತ್ತಿ, “ಕಂಡೆ” ಎಂದ. ಜನ ‘ಅಲ್ಲಾಹು ಅಕ್ಬರ್’ ಎಂದು ತಕ್ಬೀರ್ ಕೂಗಲು ಬಾಯಿ ತೆರೆದರು. “ತಡೀರಿ,” ಎಂದೆ. ನಿಮ್ಮ ನಾಲ್ಕು ಪ್ರಶ್ನೆ ಶುರುಮಾಡಿದೆ. ಎಡಕ್ಕೆ ಎಂದ. ಎರಡು ಬೆರಳು ಎತ್ತರ ಎಂದ. ಎರಡೂ ಸರಿ, ನಿಮ್ಮ ಪಂಚಾಂಗಕ್ಕೆ ಹೊಂದಿದವು.

“ಕೊಂಬು ಯಾವ ಕಡೆ ಇದ್ವು, ಅಜ್ಜ?”

“ಬಲಕ್ಕೆ. ಮಸೀದಿ ಬಾವುಟದಲ್ಲಿ ಇರುತ್ತಲ್ಲ, ಹಾಗೆ.”

ಹೊಸ ಚಂದ್ರನ ಕೊಂಬು ಮುಳುಗಿದ ಸೂರ್ಯನಿಗೆ ಬೆನ್ನು ಹಾಕಿ ಮೇಲಕ್ಕಿರುತ್ತದೆ ಎಂದು ನಿಮ್ಮ ಮದರಸದ ಮೇಕೆಗೂ ಗೊತ್ತು. ಬಾವುಟದ ಚಂದ್ರ ಹೊಲಿಗೆಯವನು ಹೊಲಿದ ಹಾಗಿರುತ್ತದೆ.

“ಅಜ್ಜ, ನನ್ನ ಕೈಯಲ್ಲಿ ಏನಿದೆ?” ಎಂದೆ. ಕೈಯಲ್ಲಿ ದಾಖಲೆಯ ಪುಸ್ತಕವಿತ್ತು. ಅವನು ಸೊಸೆಯ ಕಡೆ ತಿರುಗಿದ.

ಆಮೇಲೆ ಎಲ್ಲ ಹೊರಬಂತು. ಎಷ್ಟೋ ವರ್ಷದಿಂದ ಅವನಿಗೆ ದೂರದ್ದು ಕಾಣದು. ಮೊದಲು ಹೆಂಡತಿ ನೋಡಿ ಹೇಳುತ್ತಿದ್ದಳು, ಅವಳು ಹೋದ ಮೇಲೆ ಸೊಸೆ. ಆಣೆ ಮಾತ್ರ ಅವನದು. ಈ ಸಲ ಕೊಂಬಿನ ವಿಷಯ ಸೊಸೆ ಹೇಳುವುದನ್ನು ಮರೆತಿದ್ದಳು.

ನಾನು ಅವನ ಸಾಕ್ಷ್ಯ ತಳ್ಳಿಹಾಕಿದೆ. ಇನ್ನು ಮುಂದೆಯೂ ಅವನದನ್ನು ತೆಗೆದುಕೊಳ್ಳಬಾರದೆಂದು ಎಲ್ಲರೆದುರು ಬರೆಸಿದೆ. ಅವನು ಅಲ್ಲೇ ಕುಸಿದು ಕೂತು ಅತ್ತ. ನನಗೆ ಕರುಣೆ ಬರಲಿಲ್ಲ. ಹೆಣ್ಣಿನ ಕಣ್ಣು ಬೇಕು, ಹೆಣ್ಣಿನ ಹೆಸರು ಬೇಡ. ಎಷ್ಟೋ ವರ್ಷ ಅಲ್ಲಾಹನ ಹೆಸರಲ್ಲಿ ಒಂದು ದ್ವೀಪಕ್ಕೆ ಮೋಸ ಮಾಡಿದವನನ್ನು ಮುದುಕ ಎಂದು ಬಿಡಬೇಕೇ? ಪ್ರಾಸ ನಿಮ್ಮಿಂದ ಬಂದ ಚಟ:

ಕಣ್ಣು ಒಬ್ಬಳದು, ಆಣೆ ಒಬ್ಬನದು,
ಕೀರ್ತಿ ಅವನದು, ಪಾಪ ಯಾರದು?

ಸೊಸೆಯನ್ನು ಕರೆದೆ. ಅವಳು ಹಿಂದೆ ಸರಿದಳು.

“ನಾನಾ? ನಾನು ಚಿಪ್ಪು ಆರ್ಸೋಳು.”

“ಚಂದ್ರ ಕಂಡೋಳು ತಾನೇ?”

“ಕಂಡೆ. ಈಗ್ಲೂ ಇದೆ ನೋಡಿ, ಮುಳುಗ್ತಾ ಇದೆ. ಉಗುರು ಕತ್ತರಿಸಿ ಬಿಸಾಕಿದ ಹಾಗೆ. ಎರಡು ತುದೀನೂ ಮೇಲಕ್ಕೆ, ಎಡಗಡೆದು ಚೂರು ವಾಲಿದೆ.”

ನಾನೂ ನೋಡಿದೆ. ಇದ್ರಿಸ್ ನೋಡಿದರು. ನಮಗೆ ಕಾಣಲಿಲ್ಲ. ಆಣೆ ಅವಳದೇ ಆಗಬೇಕಿತ್ತು. ಅಚ್ಚಾದ ನಮೂನೆಯಲ್ಲಿ ‘ಇಂಥವರ ಮಗ’ ಎಂದೇ ಇದೆ. ‘ಮಗ’ ಹೊಡೆದುಹಾಕಿ ‘ಮಗಳು’ ಎಂದು ಬರೆದು ಪಕ್ಕದಲ್ಲಿ ನನ್ನ ರುಜು ಹಾಕಿದೆ. ಅವಳು ಆಣೆಯಿಟ್ಟಳು, ಇದ್ರಿಸ್ ಬರೆದುಕೊಂಡರು.

ಹಾಜಿ ತುವನಾಯಾ ಅವಳನ್ನು ಪಕ್ಕಕ್ಕೆ ಕರೆದು, ನಾನು ಕೇಳಲೇ ಇಲ್ಲವೇನೋ ಎಂಬಂತೆ, ಅದೇ ನಾಲ್ಕನ್ನು ಮತ್ತೆ ಕೇಳಿದರು. ಅದೇ ಉತ್ತರ ಬಂತು. ತುಂಬಾ ಹೊತ್ತು ಗಡ್ಡ ನೀವಿಕೊಂಡರು. “ನಿಮ್ಮ ಮುಂದೆ ಇಟ್ಟ ಆಣೆ ನಡೆಯುತ್ತಾ ಅಂತ ನೋಡೋಕ್ಕೆ ಬಂದಿದ್ದೆ ಜಡ್ಜಮ್ಮ,” ಎಂದರು. “ನೀವು ಪ್ರಶ್ನೆ ಕೇಳ್ದೆ ಇದ್ದಿದ್ರೆ ನಾನು ಆ ಬಾವುಟದ ಚಂದ್ರನ ಮೇಲೆ ಈದ್ ಮಾಡ್ತಿದ್ದೆ.” ಪೊಲೀಸ್ ವೈರ್‌ಲೆಸ್‌ನಲ್ಲಿ ಜಕಾರ್ತಕ್ಕೆ ತಿಳಿಸಿದೆವು. ಬೇರೆ ಎರಡು ಕಡೆಯೂ ಕಂಡಿತ್ತಂತೆ. ಬೆಳಗ್ಗೆ ದೊಡ್ಡ ಮಸೀದಿಯಲ್ಲೇ ಈದ್ ನಮಾಜು ಆಯಿತು. ಮೇಲಿನ ಕೇರಿಯ ಮೂವತ್ತು ಮನೆಯವರು ಮಾತ್ರ ನನ್ನ ಮೇಲಿನ ಹಟಕ್ಕೆ ಇನ್ನೊಂದು ದಿನ ಉಪವಾಸವಿದ್ದರು.

ನಿಮ್ಮ ಒಂದು ಪುಟಕ್ಕಾಗಿ ಎರಡು ತಿಂಗಳು ಹಡಗಿನ ದಾರಿ ಕಾದೆ. ಇನ್ನು ತೊಂದರೆ ಕೊಡುವುದಿಲ್ಲ.

ಮಫ್ತೂಹಾ


ತಲಿಹೆರು
ಫೆಬ್ರವರಿ 23

ಅಬಾ, ಅಮ್ಮ,

ರಂಜಾನ್ 20ರ ಕಾಗದ ನಿನ್ನೆಯ ಹಡಗಿನಲ್ಲಿ ಬಂತು. ನನ್ನ ಹತ್ತನೆಯ ತಾರೀಖಿನ ಕಾಗದ ಹನ್ನೊಂದಕ್ಕೇ ಹೋಗಿದೆ. ದಾರಿಯಲ್ಲಿ ಎಲ್ಲೋ ಎರಡೂ ಎದುರುಬದುರು ಆಗಿವೆ.

ಅಮ್ಮ, ನನ್ನ ಆ ಕಾಗದವನ್ನು ಅಬಾ ಅವರಿಗೆ ಓದಿ ಹೇಳಬೇಡ. ಈ ಮಾತು ತಲುಪುವ ಹೊತ್ತಿಗೆ ನೀನು ಓದಿ ಹೇಳಿರುತ್ತೀಯ ಎಂದು ಗೊತ್ತು. ಆ ಎರಡು ಸಾಲಿನ ಪದ್ಯ ನಿನ್ನ ಬಾಯಿಂದಲೇ ಅವರ ಕಿವಿಗೆ ಬಿದ್ದಿರುತ್ತದೆ. ನಾನು ಬರೆದದ್ದು ಲಾ ಜೂನು ಬಗ್ಗೆ.

ಇವತ್ತು ಬೆಳಗ್ಗೆ ಅವನ ಮನೆಗೆ ಹೋಗಿದ್ದೆ. ದೋಣಿಯ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಈದ್‌ನಿಂದ ಮಸೀದಿಗೆ ಹೋಗಿಲ್ಲವಂತೆ.

“ಅಜ್ಜ, ಯಾಕೆ ಹಾಗೆ ಮಾಡ್ದೆ?”

“ಮೊದಲ್ನೇ ವರ್ಷ ನಾಚಿಕೆ ಆಯ್ತು ಜಡ್ಜಮ್ಮ. ಎರಡ್ನೇ ವರ್ಷ ರೂಢಿ ಆಯ್ತು. ಆಮೇಲೆ ಅವ್ಳ ಕಣ್ಣು ನನ್ನದೇ ಅನ್ನಿಸ್ಬಿಡ್ತು. ಮೋಸ ಅಂತ ನೀವು ಹೇಳಿದ ದಿನವೇ ನೆನಪಾಗಿದ್ದು.”

ನನ್ನ ತೀರ್ಪು ಬದಲಾಗುವುದಿಲ್ಲ. ಅದನ್ನು ಹೇಳಿದ ದನಿ ಬೇರೆ ಇರಬಹುದಿತ್ತು. ಸಂಜೆ ಹಾಜಿಯವರೇ ಬಂದು ಅವನನ್ನು ನಮಾಜಿಗೆ ಕರೆದೊಯ್ದರು. ಹೋಗಿ ಕರೆಯಿರಿ ಎಂದು ನಾನು ಹೇಳಿದ್ದೆ.

ಅಬಾ, ಏನು ಮಾಡಬೇಕು ಎಂದು ಕೇಳಿದ್ದೀರಿ. ಮಗಳಾಗಿ ಏನು ಬರೆಯಬೇಕೋ ಎರಡು ಹಾಳೆ ಹರಿದರೂ ತಿಳಿಯಲಿಲ್ಲ. ನ್ಯಾಯಾಧೀಶೆಯಾಗಿ ತಿಳಿದಿದೆ. ಸುಳ್ಳು ಆಣೆಗಳಿಗೆ ಪ್ರಾಯಶ್ಚಿತ್ತ ಏನೆಂದು ನಿಮಗೆ ಗೊತ್ತು, ಬಡವರಿಗೆ ಊಟ ಹಾಕಿಸಿ. ಆದರೆ ಅದಕ್ಕೂ ಮೊದಲು ಅಲ್ಲಿನ ಕೋರ್ಟಿಗೆ ಹೋಗಿ ಬಾಯಿಬಿಟ್ಟು ಹೇಳಬೇಕು. ಬರೆದುಕೊಳ್ಳಿ ಎನ್ನಬೇಕು. ಕಂಡವರು ಯಾರು ಎಂಬುದನ್ನೂ ಹೇಳಬೇಕು, ಹೆಸರು ಹಿಡಿದು. ಆಮೇಲೆ ಕಣ್ಣಿನ ಆಪರೇಷನ್.

ಲಾ ಜೂನುಗೆ ಹೇಳಿದ್ದಕ್ಕಿಂತ ಕಡಿಮೆ ನಿಮಗೆ ಹೇಳಿದರೆ ನಾನು ಆ ಕುರ್ಚಿಯಿಂದ ಇಳಿಯಬೇಕಾಗುತ್ತದೆ.

ಮಫ್ತೂ


ತಲಿಹೆರು
ಮಾರ್ಚ್ 22

ಅಬಾ, ಅಮ್ಮ,

ಎರಡು ಹಡಗು ಬಂದು ಹೋದವು. ನಿಮ್ಮ ಕಾಗದವಿಲ್ಲ. ಮೂರನೆಯ ಸಲವೂ ಬಂದರಿಗೆ ಹೋದರೆ ಟಪಾಲಿನವನು ನನ್ನನ್ನು ಕಂಡು ಅಡಗಿಕೊಳ್ಳುತ್ತಾನೆ. ಬೈದಾದರೂ ಎರಡು ಸಾಲು ಬರೆಯಿರಿ.

ಮಫ್ತೂ


ಸುಂಬರ್‌ವಾಟು
ಝುಲ್‌ಕಾದಾ 30

ಮಫ್ತೂ,

ಇದು ಪೂರ್ತಿ ನನ್ನದೇ ಕಾಗದ. ಇನ್ನೊಬ್ಬರದು ಬರೆದು ರೂಢಿ, ಸ್ವಂತದ್ದು ಬರೆಯಲು ಕೂತರೆ ಮೊದಲು ಯಾವುದು ಎಂದು ತಿಳಿಯುವುದಿಲ್ಲ.

ಓದಿ ಹೇಳಬೇಡ ಎಂದು ನೀನು ಬರೆದದ್ದು ಬರುವುದಕ್ಕೆ ಹದಿನೈದು ದಿನ ಮೊದಲೇ ಓದಿ ಹೇಳಿದ್ದೆ. ಅರ್ಧಕ್ಕೆ ಬಂದಾಗ, “ಇಲ್ಲಿ ನೀರು ಬಿದ್ದು ಅಳಿಸಿದೆ” ಎಂದೆ. “ಹಡಗಿನ ಟಪಾಲಿನಲ್ಲಿ ನೀರು ಬೇಕಾದ ಕಡೆ ನೋಡಿಕೊಂಡು ಬೀಳಲ್ಲ, ಓದು” ಎಂದರು. ಓದಿದೆ. ಪದ್ಯ ಇನ್ನೊಂದು ಸಲ ಓದಿಸಿಕೊಂಡರು. “ಪ್ರಾಸ ಚೆನ್ನಾಗಿ ಕೂತಿದೆ” ಎಂದರು. ಆಮೇಲೆ ಎರಡು ದಿನ ಅರ್ಧ ಊಟಕ್ಕೇ ಎದ್ದುಹೋದರು. ನನಗೆ ನಿನ್ನ ಮೇಲೆ ಸಿಟ್ಟು ಬಂತು. ಅವರ ಮೇಲೂ. ನನ್ನ ಮೇಲೆ ಹೆಚ್ಚು, ಮೊದಲ ವರ್ಷ ‘ಅಗೋ ಬಂತು’ ಎಂದವಳು ನಾನೇ ಅಲ್ಲವೇ. ಅವರ ಮುಖ ಖಾಲಿಯಾಗಿ ನಿಂತಿದ್ದನ್ನು ನೋಡಲಾಗದೆ ಹೇಳಿದ್ದು.

ನಿನ್ನ ಎರಡನೆಯ ಕಾಗದ ಬಂದ ಮಾರನೆಯ ದಿನ ಕೋರ್ಟಿಗೆ ಹೋದೆವು. ಇಲ್ಲಿನ ನ್ಯಾಯಾಧೀಶರು ಹಿಲ್ಮಿ ಎಂದು, ನಿನಗಿಂತ ಚಿಕ್ಕವರು, ಇವರ ಪಂಚಾಂಗ ನೋಡಿಯೇ ಮದುವೆಯ ದಿನ ಇಟ್ಟುಕೊಂಡವರು. ಇವರು ನಿಂತುಕೊಂಡೇ ಎಲ್ಲ ಹೇಳಿದರು. ಅವರು, “ಕ್ಯಾಯಿ, ಕೂತ್ಕೊಳ್ಳಿ, ಟೀ ತಗೊಳ್ಳಿ, ಬರ್ಯೋದೇನು ಬೇಡ” ಎಂದರು. “ನನ್ನ ಮಗಳು ಬರ್ಕೊಳ್ಳಿ ಅಂದಿದಾಳೆ. ಅವಳು ತಲಿಹೆರು ಧರ್ಮ ನ್ಯಾಯಾಲಯದ ನ್ಯಾಯಾಧೀಶೆ” ಎಂದರು ಇವರು. ಕಚೇರಿಯಲ್ಲಿ ಇದ್ದವರೆಲ್ಲ ಕೇಳಿಸಿಕೊಳ್ಳುವಷ್ಟು ಜೋರಾಗಿ. ಬರೆದುಕೊಂಡರು. ಸಾಕ್ಷಿಗಳ ಪಟ್ಟಿಯಿಂದ ಇವರ ಹೆಸರು ಹೋಯಿತು. ಅರವತ್ತು ಜನ ಬಡವರಿಗೆ ಊಟ ಹಾಕಿಸಿದೆವು, ಒಲೆಯ ಮುಂದೆ ನನಗೆ ನಿನ್ನ ಕಾಗದಕ್ಕೆ ಉತ್ತರ ಬರೆಯಲು ಆಗಲೇ ಇಲ್ಲ. ಅದು ಒಂದು ನೆಪ. ಏನು ಬರೆಯುವುದೆಂದು ಗೊತ್ತಿರಲಿಲ್ಲ.

ಊರಿನಲ್ಲಿ ಆಡಿಕೊಂಡರು. ಇಬ್ಬರು ತಂದೆಯರು ಮಕ್ಕಳನ್ನು ಮದರಸದಿಂದ ಬಿಡಿಸಿಕೊಂಡು ಹೋದರು. ಕಣ್ಣಿನ ಆಸ್ಪತ್ರೆಯವರು ಹಜ್ ತಿಂಗಳು ಕಳೆದು ಬನ್ನಿ ಎಂದಿದ್ದಾರೆ.

ನಿನ್ನೆ ಇಪ್ಪತ್ತೊಂಬತ್ತು. ಹಜ್ ತಿಂಗಳ ಚಂದ್ರ ನೋಡುವ ಸಂಜೆ. ಹಿಲ್ಮಿಯವರು ಮನೆಗೆ ಬಂದು, ಹಾಗಾದರೆ ಗುಡ್ಡಕ್ಕೆ ಯಾರು ಎಂದು ಕೇಳಿದರು. ಇವರು ನನ್ನ ಕಡೆ ಕೈ ತೋರಿಸಿದರು. ಹಿಲ್ಮಿಯವರು ಗ್ರಂಥದ ಮಾತು ತೆಗೆದರು. “ಆ ಪುಟ ನನಗೂ ಗೊತ್ತು. ಅವಳು ಹತ್ತಲಿ” ಎಂದರು ಇವರು.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಹತ್ತಿದೆ. ಇವರು ನನ್ನ ಹೆಗಲು ಹಿಡಿದು ಹತ್ತಿದರು. ಮೇಲೆ ಇಪ್ಪತ್ತು ಜನ ಗಂಡಸರು. ಸೂರ್ಯ ಮುಳುಗಿತು. ಪಡುವಣದಲ್ಲಿ ಒಂದು ಪಟ್ಟಿ ಮೋಡ, ಅದರ ಕೆಳಗೆ ಬೆರಳಗಲ ಬಯಲು. ಇವರ ಲೆಕ್ಕದಲ್ಲಿ ಚಂದ್ರ ಆ ಬಯಲಲ್ಲಿ ಹನ್ನೊಂದು ನಿಮಿಷ ಇರಬೇಕು. ಪಂಚಾಂಗದಲ್ಲಿ ಈ ತಿಂಗಳಿಗೆ ಇಪ್ಪತ್ತೊಂಬತ್ತೇ ದಿನ ಅಚ್ಚಾಗಿದೆ. ಎಷ್ಟು ಮನೆಯ, ಎಷ್ಟು ಮಸೀದಿಯ ಗೋಡೆಯ ಮೇಲಿದೆಯೋ ಅದು, ನಿನ್ನ ದ್ವೀಪದವರೆಗೂ. ಇವರ ಹತ್ತಿರ ಇನ್ನು ಉಳಿದಿದ್ದ ಮಾನ ಅದೊಂದೇ.

ಇವರು ಕಿವಿಯ ಹತ್ತಿರ ಬಂದರು. “ಇರ್ಬೇಕಲ್ಲ ಕಸಿಯಾ. ಸೂರ್ಯ ಹೋದ ಜಾಗದ ಎಡಕ್ಕೆ.”

“ಇರಬಹುದು. ನಂಗೆ ಕಾಣ್ತಿಲ್ಲ.”

“ಸರಿಯಾಗಿ ನೋಡು.”

“ನೋಡ್ತಾನೇ ಇದೀನಿ.”

ಹನ್ನೊಂದು ನಿಮಿಷವೂ ರೆಪ್ಪೆ ಬಡಿಯದೆ ನೋಡಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಮತ್ತೆ ನೋಡಿದೆ. ಒಂದು ಸಲ ಏನೋ ಗೆರೆಯಂತೆ ಮಿನುಗಿತು. ಅದು ಕಂಡದ್ದೋ, ಕಾಣಲಿ ಎಂದುಕೊಂಡದ್ದೋ ನನಗೇ ಗೊತ್ತಾಗಲಿಲ್ಲ.

“ಇಬು, ಅಮ್ಮಾ, ಕಂಡಿರಾ?” ಎಂದು ಹಿಲ್ಮಿಯವರು ಕೇಳಿದರು. ಪುಸ್ತಕ ತೆರೆದು ಪೆನ್ನು ಹಿಡಿದಿದ್ದರು. ಹೌದು ಎಂದರೆ ಸಾಕಿತ್ತು, ಯಾರೂ ಎರಡನೆಯ ಮಾತು ಕೇಳುತ್ತಿರಲಿಲ್ಲ.

“ಇಲ್ಲ” ಎಂದೆ.

ಪಕ್ಕದಲ್ಲಿ ಇವರು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಇವರೇ, “ಬರ್ಕೊಳ್ಳಿ. ಸಾಕ್ಷಿ ಕಸಿಯಾತುನ್. ಕಾಣಲಿಲ್ಲ” ಎಂದರು.

ಬೇರೆಲ್ಲೂ ಕಂಡಿಲ್ಲವೆಂದು ರೇಡಿಯೋದಲ್ಲಿ ಬಂತು. ಹಾಗಾಗಿ ಇವತ್ತು ಮೂವತ್ತು. ಬೆಳಗ್ಗೆಯಿಂದ ಜನ ಪಂಚಾಂಗದ ಹಾಳೆ ಹಿಡಿದು ಬರುತ್ತಿದ್ದಾರೆ. ನಾನು ಕೈಯಿಂದ ಒಂದು ಚೌಕ ಎಳೆದು ಒಳಗೆ 30 ಎಂದು ಬರೆದು ಕೊಡುತ್ತಿದ್ದೇನೆ, ನಡುನಡುವೆ ಈ ಕಾಗದ. ಇವರು ಹಜಾರದಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಾರೆ, “ನನ್ನ ಲೆಕ್ಕದಲ್ಲಿತ್ತು. ಇವಳಿಗೆ ಕಾಣಲಿಲ್ಲ. ಹಾಗಾಗಿ ಇಲ್ಲ.”

ನಿನ್ನ ಅಮ್ಮ
ಕಸಿಯಾತುನ್